ಉತ್ತರ ಬೇಡ, ಫಾರ್ಮುಲಾ ಕೊಡು

ಪ್ರತಿ ತಿಂಗಳ 14ನೇ ತಾರೀಖು ಜಿಎಸ್‌ಟಿ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿ ಸಿದ್ಧವಾಗುತ್ತದೆ. ಮಾಲು ಮಾರಿದವರು ನಮ್ಮ ಹೆಸರಿನ ಬಿಲ್‌ಗಳನ್ನು ಇಲಾಖೆಗೆ ತೋರಿಸಿದ್ದಾರೋ ಇಲ್ಲವೋ ಎಂಬುದು ಗೊತ್ತಾಗುವುದು ಈ ಪಟ್ಟಿಯಿಂದ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು 20ರೊಳಗೆ ಜಿಎಸ್‌ಟಿಆರ್-3ಬಿ ಎಂಬ ರಿಟರ್ನ್ ಸಲ್ಲಿಸಬೇಕು. ನಡುವಿನ ಆ ಆರು ದಿನಗಳಲ್ಲಿ ಬೆಂಗಳೂರಿನ ಕಾಮಾಕ್ಷಿಪಾಳ್ಯದ ಜಾಬ್ ವರ್ಕ್ ಶೆಡ್ಡುಗಳಲ್ಲಿ, ರಾಜಾಜಿನಗರ ಕೈಗಾರಿಕಾ ಪ್ರದೇಶದ ಘಟಕಗಳಲ್ಲಿ, ವಿಜಯನಗರ, ಬಸವೇಶ್ವರನಗರಗಳ ಆಡಿಟರ್ ಕಚೇರಿಗಳಲ್ಲಿ ನಡೆಯುವ ಕೆಲಸ ಹೆಚ್ಚುಕಡಿಮೆ ಒಂದೇ: ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಿಂದ ತೆಗೆದ ಖರೀದಿ ಪಟ್ಟಿಯನ್ನು 2ಬಿಯ ಎಕ್ಸೆಲ್ ಶೀಟಿನ ಜೊತೆ ಬಿಲ್‌ಗೆ ಬಿಲ್ ತಾಳೆ ನೋಡುವುದು. ಮಾರಿದವರು ‘ಎಸ್‌ವಿ/0045’ ಎಂದು ಬರೆದಿರುತ್ತಾರೆ, ಕೊಂಡವರ ಪುಸ್ತಕದಲ್ಲಿ ಅದು ‘ಎಸ್‌ವಿ 45’ ಆಗಿರುತ್ತದೆ. ಮನುಷ್ಯನ ಕಣ್ಣಿಗೆ ಎರಡೂ ಒಂದೇ, ಎಕ್ಸೆಲ್‌ಗೆ ಬೇರೆಬೇರೆ. ತಾಳೆಯಾಗದ ಬಿಲ್‌ನ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ತೆತ್ತ ತೆರಿಗೆಯ ಕಳೆತ, ಆ ತಿಂಗಳಿಗೆ ಕೈಬಿಟ್ಟು ಹೋಗುತ್ತದೆ. ಇಲ್ಲದ ಕ್ರೆಡಿಟ್ ತೆಗೆದುಕೊಂಡು ಬಳಸಿದರೆ ಮುಂದೆ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ. ಎಐ ಸಹಾಯಕದಿಂದ ಕಚೇರಿಯ ಕೆಲಸ ನಿಜಕ್ಕೂ ಹಗುರಾಗುತ್ತದೆಯೇ ಎಂಬುದನ್ನು ಇಂಥ ಕೆಲಸಕ್ಕೆ ಒಡ್ಡಿ ನೋಡಬೇಕು. ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಪ್ರಾತ್ಯಕ್ಷಿಕೆಗಳಲ್ಲಿ ತೋರಿಸುವ ಚಂದದ ಸ್ಲೈಡುಗಳಿಗಿಂತ ಇಲ್ಲಿ ಸಿಗುವ ಉತ್ತರ ಹೆಚ್ಚು ನಂಬಿಕೆಗೆ ಅರ್ಹ.

ಈ ತಾಳೆಯ ಕೆಲಸಕ್ಕೆ ಸಹಾಯಕವನ್ನು ಎರಡು ಬಗೆಯಲ್ಲಿ ಬಳಸಬಹುದು. ಎರಡೂ ಪಟ್ಟಿಗಳನ್ನು ಅದರ ಮುಂದೆ ಸುರಿದು, ತಾಳೆಯಾಗದ ಬಿಲ್‌ಗಳು ಯಾವುವು ಎಂದು ಕೇಳುವುದು ಒಂದು ಬಗೆ. ಅರೆನಿಮಿಷದಲ್ಲಿ ಅಚ್ಚುಕಟ್ಟಾದ ಉತ್ತರ ಬರುತ್ತದೆ. ಇನ್ನೊಂದು ಬಗೆಯಲ್ಲಿ ಪಟ್ಟಿ ಕೊಡುವುದೇ ಇಲ್ಲ. ಬಿಲ್ ನಂಬರಿನೊಳಗಿನ ಗೆರೆ, ಸ್ಪೇಸ್, ಮುಂದಿನ ಸೊನ್ನೆಗಳನ್ನು ತೆಗೆದು, ಮಾರಿದವರ ಜಿಎಸ್‌ಟಿ ನಂಬರಿನ ಜೊತೆ ಸೇರಿಸಿ, ಇನ್ನೊಂದು ಶೀಟಿನಲ್ಲಿ ಹುಡುಕುವ ಫಾರ್ಮುಲಾ ಬರೆದುಕೊಡು ಎಂದಷ್ಟೇ ಕೇಳುವುದು. ಮೊದಲನೆಯದರಲ್ಲಿ ಬಂದ ಉತ್ತರ ಸರಿಯೇ ಎಂದು ತಿಳಿಯಬೇಕಾದರೆ ಪಟ್ಟಿಯನ್ನು ಮತ್ತೆ ಮೊದಲಿಂದ ತಾಳೆ ನೋಡದೆ ಬೇರೆ ದಾರಿಯಿಲ್ಲ. ಉಳಿದ ಸಮಯ ಅಲ್ಲಿಗೆ ಮುಗಿಯಿತು. ಎರಡನೆಯದರಲ್ಲಿ ಗೊತ್ತಿರುವ ಹತ್ತಿಪ್ಪತ್ತು ಸಾಲುಗಳ ಮೇಲೆ ಫಾರ್ಮುಲಾ ಓಡಿಸಿ ನೋಡಿದರೆ ಅದರ ಸರಿತಪ್ಪು ತಿಳಿಯುತ್ತದೆ, ಮತ್ತು ಆ ಫಾರ್ಮುಲಾ ಶೀಟಿನಲ್ಲೇ ಉಳಿದು ಮುಂದಿನ ತಿಂಗಳೂ ಕೆಲಸಕ್ಕೆ ಬರುತ್ತದೆ. ಕೆಲಸ ಮಾಡಲು ಹಿಡಿಯುತ್ತಿದ್ದ ಹೊತ್ತಿನಲ್ಲಿ ಪರೀಕ್ಷಿಸಲು ಹಿಡಿಯುವ ಹೊತ್ತನ್ನು ಕಳೆದರೆ ಉಳಿಯುವುದೇ ನಿಜವಾದ ಉಳಿತಾಯ. ಹಾಗಾಗಿ ಲೆಕ್ಕಪತ್ರದ ಕೆಲಸದಲ್ಲಿ ಸಹಾಯಕದಿಂದ ಕೇಳಬೇಕಾದದ್ದು ಉತ್ತರ ಪಡೆಯುವ ದಾರಿಯನ್ನೇ ಹೊರತು ಉತ್ತರವನ್ನಲ್ಲ ಎಂಬುದು ನನ್ನ ವಾದ.

ಇದಕ್ಕೆ ಕಾರಣ ಈ ಯಂತ್ರಗಳ ಸ್ವಭಾವದಲ್ಲೇ ಇದೆ. ಭಾಷಾ ಮಾದರಿಯೊಂದು ತಾನು ಕಲಿತ ಅಪಾರ ಬರಹದ ಆಧಾರದ ಮೇಲೆ ಮುಂದೆ ಬರಬಹುದಾದ ಮಾತನ್ನು ಊಹಿಸಿ ಜೋಡಿಸುತ್ತ ಹೋಗುತ್ತದೆ. ಕೂಡುವುದು ಕಳೆಯುವುದು ಅದರ ಹುಟ್ಟುಗುಣವಲ್ಲ. ಈಚಿನ ಸಹಾಯಕಗಳು ಒಳಗೊಳಗೇ ಪ್ರೋಗ್ರಾಂ ಬರೆದು ಓಡಿಸಿ ಲೆಕ್ಕ ಹಾಕುತ್ತವೆ, ನಿಜ. ಆಗ ಉತ್ತರದ ಗುಣ ಬಹಳಷ್ಟು ಸುಧಾರಿಸುತ್ತದೆ. ಸುಧಾರಿಸುವುದು ಏಕೆಂದರೆ ಯಂತ್ರವೇ ಆಗ ಊಹೆಯನ್ನು ಬಿಟ್ಟು ಫಾರ್ಮುಲಾದ ದಾರಿ ಹಿಡಿದಿರುತ್ತದೆ. ಮೈಕ್ರೋಸಾಫ್ಟ್ 2025ರ ಆಗಸ್ಟ್‌ನಲ್ಲಿ ಎಕ್ಸೆಲ್‌ನ ಕೋಶದೊಳಗೇ ತನ್ನ ಎಐ ಸಹಾಯಕ ಕೋಪೈಲಟ್ ಅನ್ನು ಕರೆಯುವ ಫಂಕ್ಷನ್ ತಂದಾಗ ತಾನೇ ಒಂದು ಎಚ್ಚರಿಕೆಯನ್ನೂ ಕೊಟ್ಟಿತು: ಅಂಕಿಸಂಖ್ಯೆಗಳ ಲೆಕ್ಕಕ್ಕೆ ಎಕ್ಸೆಲ್‌ನ ಮಾಮೂಲಿ ಫಾರ್ಮುಲಾಗಳನ್ನೇ ಬಳಸಿ, ಕಾನೂನು ಮತ್ತು ನಿಯಮಪಾಲನೆಗೆ ಸಂಬಂಧಿಸಿದ ಕೆಲಸಗಳಿಗೆ ಇದನ್ನು ಬಳಸಬೇಡಿ ಎಂದು. ಮಾರುವ ಕಂಪನಿಯೇ ಹೀಗೆ ಗೆರೆ ಎಳೆದಿರುವಾಗ, ಆ ಗೆರೆಯ ಆಚೆ ಹೋಗಿ ಸಂಬಳದ ಪಟ್ಟಿಯನ್ನೂ ತೆರಿಗೆಯ ಲೆಕ್ಕವನ್ನೂ ಅದರ ಕೈಗೆ ಕೊಡುವುದಕ್ಕೆ ಸಮರ್ಥನೆ ಸಿಗುವುದು ಕಷ್ಟ.

ಅಧ್ಯಯನಗಳು ಏನು ಹೇಳುತ್ತವೆ? ಅವು ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ, ಆದರೆ ಆಳಕ್ಕಿಳಿದು ನೋಡಿದರೆ ಹಾಗಿಲ್ಲ. ಬ್ರಿಟನ್ ಸರ್ಕಾರ 20,000 ನೌಕರರಿಗೆ ಕೋಪೈಲಟ್ ಕೊಟ್ಟು ನಡೆಸಿದ ಪ್ರಯೋಗದ ವರದಿ 2025ರ ಜೂನ್‌ನಲ್ಲಿ ಹೊರಬಂತು. ದಿನಕ್ಕೆ ಸರಾಸರಿ 26 ನಿಮಿಷ ಉಳಿಯುತ್ತದೆ ಎಂದಿತು. ಆ 26 ನಿಮಿಷ ನೌಕರರು ತಾವೇ ಅಂದಾಜಿಸಿ ಹೇಳಿದ್ದು. ಅದೇ ಸರ್ಕಾರದ ವ್ಯಾಪಾರ ಇಲಾಖೆ ತನ್ನಲ್ಲಿನ ಪ್ರಯೋಗವನ್ನು ಹತ್ತಿರದಿಂದ ನೋಡಿದಾಗ, ಪತ್ರ, ಸಾರಾಂಶಗಳಂಥ ಬರವಣಿಗೆ ಬೇಗ ಆಗಿತ್ತು. ಎಕ್ಸೆಲ್‌ನಲ್ಲಿ ದತ್ತಾಂಶ ವಿಶ್ಲೇಷಿಸುವ ಕೆಲಸವನ್ನು ಮಾತ್ರ ಕೋಪೈಲಟ್ ಬಳಸಿದವರು ಬಳಸದವರಿಗಿಂತ ನಿಧಾನವಾಗಿ, ಹೆಚ್ಚು ತಪ್ಪುಗಳೊಂದಿಗೆ ಮಾಡಿದ್ದರು. ಒಟ್ಟಾರೆ ಉತ್ಪಾದಕತೆ ಹೆಚ್ಚಿತೆನ್ನಲು ಗಟ್ಟಿ ಆಧಾರ ಸಿಗಲಿಲ್ಲ. 2025ರಲ್ಲೇ ಮೆಟರ್ ಎಂಬ ಸಂಸ್ಥೆ ಅನುಭವಸ್ಥ 16 ಪ್ರೋಗ್ರಾಮರ್‌ಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಎಐ ಬಳಸಿದಾಗ ಅವರ ಕೆಲಸ ಶೇ. 19ರಷ್ಟು ನಿಧಾನವಾಗಿತ್ತು; ಅವರು ಮಾತ್ರ ತಮ್ಮ ಕೆಲಸ ಶೇ. 20ರಷ್ಟು ಬೇಗ ಆಯಿತೆಂದೇ ನಂಬಿದ್ದರು. ಇದು ಚಿಕ್ಕ ಪರೀಕ್ಷೆ, ಎಲ್ಲರಿಗೂ ಅನ್ವಯಿಸಲಾಗದು. ಆದರೂ ಅನಿಸಿಕೆಗೂ ಗಡಿಯಾರಕ್ಕೂ ನಡುವಿನ ಈ ಅಂತರ ಯೋಚಿಸುವಂಥದ್ದು. ಕೈ ಓಡುತ್ತಿದೆ, ಪುಟ ತುಂಬುತ್ತಿದೆ ಎಂದಾಗ ಕೆಲಸ ಮುಗಿಯುತ್ತಿದೆ ಎನಿಸುತ್ತದೆ. ತಿದ್ದುವುದಕ್ಕೆ, ಮತ್ತೆ ಕೇಳುವುದಕ್ಕೆ, ಹೋಲಿಸಿ ನೋಡುವುದಕ್ಕೆ ಹೋದ ಹೊತ್ತು ನೆನಪಿನಲ್ಲಿ ಉಳಿಯುವುದಿಲ್ಲ. ಪರೀಕ್ಷೆಯ ಖರ್ಚು ಕಡಿಮೆಯಿದ್ದಲ್ಲಿ ಲಾಭ, ಹೆಚ್ಚಿದ್ದಲ್ಲಿ ನಷ್ಟ ಎಂಬ ಒಂದೇ ಎಳೆ ಈ ಎಲ್ಲ ಫಲಿತಾಂಶಗಳ ಒಳಗೂ ಹಾದುಹೋಗಿದೆ. ಪತ್ರವೊಂದು ಸರಿಯಿದೆಯೇ ಎಂಬುದು ಓದಿದರೆ ತಿಳಿಯುತ್ತದೆ. ಮೊತ್ತವೊಂದು ಸರಿಯಿದೆಯೇ ಎಂಬುದು ಕೇವಲ ಓದಿದರೆ ತಿಳಿಯದು.

ಪರೀಕ್ಷಿಸುವುದು ಸುಲಭ ಎಂದ ಮಾತ್ರಕ್ಕೆ ಪರೀಕ್ಷೆ ನಡೆದೇಬಿಡುತ್ತದೆ ಎಂದಲ್ಲ. ಇದಕ್ಕೆ ಬೆಂಗಳೂರಿನಲ್ಲೇ ಎರಡು ಉದಾಹರಣೆಗಳಿವೆ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರ್ ಕೊನೆಯಲ್ಲಿ ಕೊಟ್ಟ ಒಂದು ಆದೇಶದಲ್ಲಿ, ಸುಪ್ರೀಂ ಕೋರ್ಟ್ ಮತ್ತು ಮದ್ರಾಸ್ ಹೈಕೋರ್ಟ್‌ನವೆಂದು ಉಲ್ಲೇಖಿಸಿದ್ದ ತೀರ್ಪುಗಳು ಇರಲೇ ಇಲ್ಲ. ಎಐ ಬಳಕೆಯಿಂದಲೇ ಹೀಗಾಯಿತೆಂಬ ಅನುಮಾನ ವ್ಯಾಪಕವಾಗಿ ಕೇಳಿಬಂತು; ಪೀಠ ಕೆಲವೇ ದಿನಗಳಲ್ಲಿ ಆದೇಶವನ್ನು ಹಿಂಪಡೆಯಿತು. 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ನಗರದ ಸಿವಿಲ್ ನ್ಯಾಯಾಲಯದ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಉಲ್ಲೇಖವಾಗಿದ್ದನ್ನು ಕಂಡು ವಿಚಾರಣೆಗೆ ಆದೇಶಿಸಿತು. ತೀರ್ಪೊಂದು ಇದೆಯೋ ಇಲ್ಲವೋ ಎಂದು ನೋಡಲು ಕೆಲವು ನಿಮಿಷ ಸಾಕು. ನನ್ನದೇ ಅಳತೆಗೋಲಿನ ಪ್ರಕಾರ ಇದು ಸಹಾಯಕಕ್ಕೆ ಕೊಡಬಹುದಾದ ಕೆಲಸ: ಹುಡುಕಲು ಗಂಟೆಗಟ್ಟಲೆ, ಪರೀಕ್ಷಿಸಲು ನಿಮಿಷಗಳು. ಆ ನಿಮಿಷಗಳು ಯಾರ ಪಾಲಿಗೂ ಬರದೆ ಹೋದಾಗ ಅನಾಹುತ ಆಗುತ್ತದೆ. ಆದ್ದರಿಂದ ನನ್ನ ವಾದಕ್ಕೆ ಎರಡನೆಯ ಭಾಗವೊಂದನ್ನು ಸೇರಿಸಲೇಬೇಕು. ಪರೀಕ್ಷೆ ಅಗ್ಗವಾಗಿದ್ದರೆ ಸಾಲದು, ಅದು ಕೆಲಸದೊಳಗೇ ಕಟ್ಟಿಕೊಂಡಿರಬೇಕು, ಮತ್ತು ಯಾರು ಮಾಡಬೇಕೆಂಬುದು ಮೊದಲೇ ಗೊತ್ತಿರಬೇಕು. ಎಕ್ಸೆಲ್ ಶೀಟಿನಲ್ಲಿ ಇದು ಸುಲಭ: ಎರಡು ಪಟ್ಟಿಗಳ ಒಟ್ಟು ಮೊತ್ತದ ವ್ಯತ್ಯಾಸವೂ ತಾಳೆಯಾಗದ ಬಿಲ್‌ಗಳು ಸೂಚಿಸುವ ವ್ಯತ್ಯಾಸವೂ ಸಮವಿದೆಯೇ ಎಂದು ತೋರಿಸುವ ಒಂದು ಕೋಶವನ್ನು ಕೆಳಗೆ ಇಟ್ಟರಾಯಿತು. ಸಮವಿಲ್ಲದಿದ್ದರೆ ಅದು ಕೆಂಪಾಗಲಿ. ಆ ಕೋಶದ ಫಾರ್ಮುಲಾವನ್ನು ಕಚೇರಿಯವರು ತಾವೇ ಬರೆಯಬೇಕು, ಸಹಾಯಕದಿಂದ ಬರೆಸಬಾರದು.

ಮನುಷ್ಯರು ಎಕ್ಸೆಲ್‌ನಲ್ಲಿ ಮಾಡುವ ತಪ್ಪುಗಳೇನು ಕಡಿಮೆಯೇ ಎಂದು ಕೇಳಬಹುದು. ಖಂಡಿತ ಕಡಿಮೆಯಲ್ಲ. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಸಂಸ್ಥೆ ಹಳೆಯ ಮಾದರಿಯ ಎಕ್ಸೆಲ್ ಫೈಲ್ ಬಳಸಿದ್ದರಿಂದ, 65,536 ಸಾಲುಗಳ ಮಿತಿ ಮೀರಿ 15,841 ಕೋವಿಡ್ ಪ್ರಕರಣಗಳು ಲೆಕ್ಕದಿಂದ ಜಾರಿಹೋಗಿದ್ದವು. ಸರ್ಕಾರಿ ಸಾಲ ಹೆಚ್ಚಾದರೆ ಬೆಳವಣಿಗೆ ಕುಸಿಯುತ್ತದೆ ಎಂದು ವಾದಿಸಿದ್ದ ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರ ಪ್ರಖ್ಯಾತ ಪ್ರಬಂಧದಲ್ಲಿ, ಸರಾಸರಿಯ ಫಾರ್ಮುಲಾ ಐದು ದೇಶಗಳ ಸಾಲುಗಳನ್ನು ಬಿಟ್ಟುಬಿಟ್ಟಿತ್ತು. ಇದು ಬಯಲಾದ ಬಗೆಯನ್ನು ಗಮನಿಸಬೇಕು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಆ ಶೀಟನ್ನೇ ತರಿಸಿಕೊಂಡು ತೆರೆದು ನೋಡಿದ. ಫಾರ್ಮುಲಾ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ ಎಂಬುದು ಕೋಶದಲ್ಲೇ ಬರೆದಿತ್ತು. ತಪ್ಪು ಮಾಡಿದವರ ಹೆಜ್ಜೆಗುರುತು ಉಳಿದಿದ್ದರಿಂದ ತಪ್ಪು ಸಿಕ್ಕಿತು. ಸಹಾಯಕ ಕೊಟ್ಟ ಅಂಕಿಯನ್ನು ನೇರವಾಗಿ ಕೋಶಕ್ಕೆ ಅಂಟಿಸಿದರೆ ಆ ಹೆಜ್ಜೆಗುರುತೇ ಅಳಿಸಿಹೋಗುತ್ತದೆ. ಮೂರು ವರ್ಷದ ನಂತರ ಇಲಾಖೆಯ ನೋಟಿಸ್ ಬಂದಾಗ, ಈ ಮೊತ್ತ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಕಚೇರಿಯಲ್ಲಿ ಯಾರ ಬಳಿಯೂ ಉತ್ತರವಿರುವುದಿಲ್ಲ. ಆ ಹೊತ್ತಿಗೆ ಕೆಲಸಕ್ಕಿದ್ದ ಹುಡುಗನೂ ಬೇರೆ ಕಡೆ ಸೇರಿರುತ್ತಾನೆ.

ನಿಯಮಗಳು ಬದಲಾಗುತ್ತಲೇ ಇರುವುದು ಇನ್ನೊಂದು ತೊಡಕು. ಕರ್ನಾಟಕದಲ್ಲಿ ವೃತ್ತಿ ತೆರಿಗೆಯ ಸಂಬಳದ ಮಿತಿ 15,000 ರೂಪಾಯಿ ಇದ್ದದ್ದು 2023ರ ಏಪ್ರಿಲ್‌ನಿಂದ 25,000 ಆಯಿತು. 2025ರ ಏಪ್ರಿಲ್‌ನಿಂದ ಫೆಬ್ರವರಿ ತಿಂಗಳಿಗೆ ಮಾತ್ರ 200ರ ಬದಲು 300 ರೂಪಾಯಿ ಕಡಿತ ಮಾಡಬೇಕು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಶೇ. 12 ಮತ್ತು 28ರ ಹಂತಗಳು ಬಹುತೇಕ ಹೋಗಿ 5 ಮತ್ತು 18 ಉಳಿದವು. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡದವರಿಗೆ ಆ ವರ್ಷ ಆ ಖರ್ಚನ್ನು ಆದಾಯದಿಂದ ಕಳೆಯಲು ಬಿಡದ ಆದಾಯ ತೆರಿಗೆ ನಿಯಮ ಜಾರಿಗೆ ಬಂದದ್ದು 2024ರಲ್ಲಿ. ಸಹಾಯಕ ಕಲಿತ ಬರಹದ ರಾಶಿಯಲ್ಲಿ ಹಳೆಯ ದರವೂ ಹೊಸ ದರವೂ ಬೆರೆತಿರುತ್ತವೆ, ಮತ್ತು ಹಳೆಯದರ ಬಗ್ಗೆ ಬರೆದದ್ದೇ ಹೆಚ್ಚಿರುತ್ತದೆ. ದರ, ಮಿತಿ, ತಾರೀಖುಗಳನ್ನು ಸಂಬಂಧಪಟ್ಟ ಅಧಿಸೂಚನೆ ನೋಡಿ ಪ್ರತ್ಯೇಕ ಶೀಟಿನಲ್ಲಿ ನಾವೇ ಬರೆದಿಟ್ಟು, ಫಾರ್ಮುಲಾ ಆ ಕೋಶವನ್ನು ನೋಡುವಂತೆ ಮಾಡಿಸಿದರೆ ಈ ಅಪಾಯ ಬಹುಪಾಲು ತಪ್ಪುತ್ತದೆ. 45 ದಿನಗಳ ಲೆಕ್ಕದಲ್ಲಿ ತಾರೀಖಿನ ಕಾಟ ಬೇರೆ ಇದೆ: ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 03/04/2025 ಎಂಬುದು ಏಪ್ರಿಲ್ 3ರ ಬದಲು ಮಾರ್ಚ್ 4 ಆಗಿಬಿಡುತ್ತದೆ. ಇದನ್ನು ಸಹಾಯಕಕ್ಕೆ ನಾವು ಹೇಳಬೇಕು, ಅದು ನಮಗೆ ಹೇಳಲಿ ಎಂದು ಕಾಯಬಾರದು.

ಗುಟ್ಟಿನ ಪ್ರಶ್ನೆಯನ್ನೂ ಫಾರ್ಮುಲಾ ಕೇಳುವ ಈ ದಾರಿ ಹೆಚ್ಚುಕಡಿಮೆ ಬಗೆಹರಿಸುತ್ತದೆ. ಕಚೇರಿಯ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥವನ್ನು ಬಳಸಬಾರದೆಂದು ಕೇಂದ್ರ ಹಣಕಾಸು ಸಚಿವಾಲಯ 2025ರ ಜನವರಿಯಲ್ಲಿ ತನ್ನ ಸಿಬ್ಬಂದಿಗೆ ಸೂಚಿಸಿದ್ದು ದಾಖಲೆಗಳ ಗೋಪ್ಯತೆಗಾಗಿ. ಕೆಲಸಗಾರರ ಸಂಬಳ, ಆಧಾರ್, ಪ್ಯಾನ್, ಗಿರಾಕಿಗಳ ದರಪಟ್ಟಿ ಇರುವ ಶೀಟನ್ನು ಪರರ ಸರ್ವರಿಗೆ ಏರಿಸುವ ಹಕ್ಕು ಲೆಕ್ಕ ಬರೆಯುವವರಿಗೆ ಇಲ್ಲ. ಆ ಮಾಹಿತಿ ಅವರದಲ್ಲ. ಫಾರ್ಮುಲಾ ಕೇಳುವವರಿಗೆ ಅದರ ಅಗತ್ಯವೂ ಬೀಳದು. ಕಾಲಮ್ಮುಗಳ ಹೆಸರು, ಎರಡು ಮೂರು ಕಾಲ್ಪನಿಕ ಸಾಲುಗಳನ್ನು ಕೊಟ್ಟರೆ ಸಾಕು.

ಇನ್ನು ಕನ್ನಡದ ಮಾತು. ಎಐನಿಂದ ಕಚೇರಿಗಳಲ್ಲಿ ಇಂಗ್ಲಿಷ್ ಇನ್ನಷ್ಟು ಗಟ್ಟಿಯಾಗುತ್ತದೆ ಎಂಬ ಆತಂಕ ಸುಳ್ಳಲ್ಲ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಕನ್ನಡದಲ್ಲಿ ಹಾಕಿದ ಸಂತಾಪದ ಬರಹವನ್ನು, ಮೆಟಾದ ಸ್ವಯಂಚಾಲಿತ ಅನುವಾದ ಮುಖ್ಯಮಂತ್ರಿಯೇ ತೀರಿಕೊಂಡಂತೆ ಇಂಗ್ಲಿಷಿಗೆ ತಿರುಗಿಸಿತ್ತು. ಅವರು ಆಕ್ಷೇಪಿಸಿದ ಮೇಲೆ ಕಂಪನಿ ಕ್ಷಮೆ ಕೇಳಿ ಸರಿಪಡಿಸಿತು. ಕನ್ನಡದಲ್ಲಿ ಯಂತ್ರ ಎಡವುವ ಸಾಧ್ಯತೆ ಇದ್ದೇ ಇದೆ. ಅದು ಬರೆದುಕೊಟ್ಟ ಕನ್ನಡ ಪತ್ರವನ್ನು ಸಹಿ ಹಾಕುವವರು ಸಾಲುಸಾಲಾಗಿ ಓದಲೇಬೇಕು. ಆದರೆ ಇದರ ಇನ್ನೊಂದು ಮುಖವನ್ನು ನಾವು ಸಾಕಷ್ಟು ನೋಡಿಲ್ಲ. ವಿಲುಕಪ್, ಪಿವೋಟ್ ಟೇಬಲ್, ಮ್ಯಾಕ್ರೋ ಇವುಗಳ ವಿದ್ಯೆ ಇಷ್ಟು ದಿನ ಇಂಗ್ಲಿಷ್ ಪುಸ್ತಕ, ಇಂಗ್ಲಿಷ್ ವೀಡಿಯೋ, ಶುಲ್ಕ ಕಟ್ಟಿ ಕಲಿಯುವ ತರಬೇತಿ ಕೇಂದ್ರಗಳ ಒಳಗೆ ಉಳಿದಿತ್ತು. ಕನ್ನಡ ಮಾಧ್ಯಮದಲ್ಲಿ ಓದಿ, ಬಿಕಾಂ ಮುಗಿಸಿ, ಕೆಂಗೇರಿಯಿಂದ ರಾಜಾಜಿನಗರಕ್ಕೆ ಕೆಲಸಕ್ಕೆ ಬರುವ ಹುಡುಗಿಗೆ ಲೆಕ್ಕ ಚೆನ್ನಾಗಿಯೇ ತಿಳಿದಿರುತ್ತದೆ, ತಾನು ಏನು ಮಾಡಬೇಕೆಂಬುದೂ ಸ್ಪಷ್ಟವಿರುತ್ತದೆ. ಅದನ್ನು ಎಕ್ಸೆಲ್‌ಗೆ ಅರ್ಥವಾಗುವಂತೆ ಹೇಳುವ ದಾರಿ ಮಾತ್ರ ಇಂಗ್ಲಿಷಿನಲ್ಲಿತ್ತು. ಈಗ ಅವಳು ತನ್ನ ಮಾತಿನಲ್ಲೇ ಕೇಳಬಹುದು, ಫಾರ್ಮುಲಾದ ಒಂದೊಂದು ತುಂಡು ಏನು ಮಾಡುತ್ತದೆಂದು ಕನ್ನಡದಲ್ಲೇ ವಿವರಿಸಿಕೊಳ್ಳಬಹುದು. ವಿವರಣೆಯ ಕನ್ನಡ ಒಂದಿಷ್ಟು ಒರಟಾಗಿದ್ದರೂ ನಷ್ಟವಿಲ್ಲ, ಏಕೆಂದರೆ ಫಾರ್ಮುಲಾ ಸರಿಯೇ ಎಂಬುದನ್ನು ಶೀಟೇ ಹೇಳುತ್ತದೆ. ಕನ್ನಡಿಗರಿಗೆ ಈ ಸಾಧನದಿಂದ ಆಗಬಹುದಾದ ಅತಿ ದೊಡ್ಡ ಉಪಕಾರ ಇದೇ ಎಂದು ನಾನು ತಿಳಿಯುತ್ತೇನೆ.

ಆದರೆ ಒಂದು ಹಳೆಯ ಬಾಕಿ ತೀರಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರರೂಪಗಳನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳ ಮೇಲೆ ಕೂರಿಸಲಾಗಿತ್ತು. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಫೈಲಿನೊಳಗೆ ಇರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಅದರದೇ ಜಾಗ ಕೊಟ್ಟಿತು, ನುಡಿಯೂ ಯೂನಿಕೋಡ್‌ಗೆ ಬಂತು. ಹಾಗಿದ್ದರೂ ಶಾಲೆ, ಸಂಘ, ಸಹಕಾರಿ ಸೊಸೈಟಿ, ಸರ್ಕಾರಿ ಕಚೇರಿಗಳ ಕಂಪ್ಯೂಟರುಗಳಲ್ಲಿ ಹಳೆಯ ಫಾಂಟಿನ ಸದಸ್ಯರ ಪಟ್ಟಿಗಳು, ನಡಾವಳಿಗಳು, ಸುತ್ತೋಲೆಗಳು ಇನ್ನೂ ಇವೆ, ಹೊಸವೂ ಸೇರುತ್ತಿವೆ. ಅಂಥ ಫೈಲಿನಲ್ಲಿ ಹುಡುಕುವುದಾಗಲಿ ಅಕಾರಾದಿ ಜೋಡಿಸುವುದಾಗಲಿ ಎಕ್ಸೆಲ್‌ಗೇ ಸರಿಯಾಗಿ ಆಗದು, ಎಐಗೆ ಎಲ್ಲಿಂದ ಆದೀತು? ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಇಂಥ ಕಚೇರಿಗಳು ಎಐ ಚಂದಾ ಕಟ್ಟುವ ಮೊದಲು ಈ ಕೆಲಸಕ್ಕೆ ನಾಲ್ಕು ದಿನ ಕೊಡುವುದು ಹೆಚ್ಚು ಲಾಭಕರ.

ನನಗೆ ಅತ್ಯಂತ ಗಂಭೀರ ಎನಿಸುವ ಆಕ್ಷೇಪ ಹೊಸಬರ ಕಲಿಕೆಯದು. ಬಿಲ್ ತಾಳೆ ನೋಡಿ ನೋಡಿಯೇ ಲೆಕ್ಕದವರು ತಯಾರಾಗುತ್ತಿದ್ದರು. ಯಾವ ಪಾರ್ಟಿ ತಡವಾಗಿ ರಿಟರ್ನ್ ಹಾಕುತ್ತದೆ, ಯಾವ ಬಿಲ್‌ನಲ್ಲಿ ಎಡವಟ್ಟು ಇರುತ್ತದೆ ಎಂಬ ವಾಸನೆ ಹತ್ತುತ್ತಿದ್ದದ್ದು ಆ ಬೇಸರದ ಕೆಲಸದಲ್ಲೇ. ಅದನ್ನು ಯಂತ್ರಕ್ಕೆ ಕೊಟ್ಟರೆ ನಾಳೆ ಪರೀಕ್ಷಿಸುವ ಕಣ್ಣು ಯಾರಿಗಿರುತ್ತದೆ? ಗ್ರಾಹಕ ಸೇವೆಯ 5,179 ನೌಕರರ ಮೇಲೆ ನಡೆದ ಅಧ್ಯಯನದಲ್ಲಿ ಎಐನಿಂದ ಸರಾಸರಿ ಶೇ. 14 ಲಾಭವಾದರೆ, ಹೊಸಬರಿಗೆ ಶೇ. 34 ಆಗಿತ್ತು. ಇನ್ನೊಂದು ಕಡೆ 758 ಮಂದಿ ಸಲಹೆಗಾರರ ಮೇಲಿನ ಪ್ರಯೋಗದಲ್ಲಿ, ಯಂತ್ರದ ಅಳವಿಗೆ ಮೀರಿದ ಒಂದು ಸಮಸ್ಯೆಯನ್ನು ಕೊಟ್ಟಾಗ, ಎಐ ಬಳಸಿದವರಲ್ಲಿ ಸರಿ ಉತ್ತರ ಕೊಟ್ಟವರ ಪ್ರಮಾಣ ಬಳಸದವರಿಗಿಂತ 19 ಶೇಕಡಾಂಶ ಕಡಿಮೆಯಿತ್ತು. ಹೊಸಬರಿಗೆ ಲಾಭವೂ ಹೆಚ್ಚು, ಯಾವುದು ಯಂತ್ರದ ಅಳವಿಗೆ ಮೀರಿದ್ದೆಂದು ತಿಳಿಯದ ಅಪಾಯವೂ ಹೆಚ್ಚು. ಈ ಆಕ್ಷೇಪವನ್ನು ನಾನು ಪೂರ್ತಿ ನಿವಾರಿಸಲಾರೆ. ಉತ್ತರ ಕೇಳುವ ಅಭ್ಯಾಸದಲ್ಲಿ ಹೊಸಬರು ಏನನ್ನೂ ಕಲಿಯುವುದಿಲ್ಲ, ಫಾರ್ಮುಲಾ ಕೇಳುವ ಅಭ್ಯಾಸದಲ್ಲಿ ಕೆಲಸವನ್ನು ಹಂತಹಂತವಾಗಿ ಬಿಡಿಸಿ ಹೇಳಲೇಬೇಕಾದ್ದರಿಂದ ಕಲಿಯದೆ ಗತಿಯಿಲ್ಲ ಎಂದಷ್ಟೇ ಹೇಳಬಲ್ಲೆ. ಯಂತ್ರ ಮುಂದೆ ಸುಧಾರಿಸುತ್ತದಲ್ಲ ಎನ್ನುವವರಿಗೂ ಇದನ್ನೇ ಹೇಳಬೇಕು. ಸುಧಾರಿಸಲಿ. ರಿಟರ್ನ್‌ಗೆ ಹೊಣೆಯಾಗುವವರು ವ್ಯಾಪಾರಿಯೂ ಅವರ ಆಡಿಟರೂ ಆಗಿರುವವರೆಗೆ, ಮೊತ್ತ ಹೇಗೆ ಬಂತೆಂದು ವಿವರಿಸಬಲ್ಲವರು ಕಚೇರಿಯಲ್ಲಿ ಇರಲೇಬೇಕಾಗುತ್ತದೆ.

ತಿಂಗಳ ಕೊನೆಯಲ್ಲಿ ಉಸಿರಾಡಲು ಬಿಡುವಿಲ್ಲದ ಸಣ್ಣ ಘಟಕಗಳು ತಾವೇ ಇದನ್ನೆಲ್ಲ ಕಲಿತುಕೊಳ್ಳಲಿ ಎಂದು ಹೇಳುವುದು ನ್ಯಾಯವಲ್ಲ. ಕರ್ನಾಟಕ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ 1949ರಿಂದ ಇದೆ, ಅದರ ಕಚೇರಿ ವಿಜಯನಗರದಲ್ಲೇ ಇದೆ. ಸುತ್ತಮುತ್ತ ಕಾಮರ್ಸ್ ಕಾಲೇಜುಗಳೂ ಸಾಕಷ್ಟಿವೆ. ಈ ಎರಡು ಕಡೆಯವರು ಕೂಡಿ ಕನ್ನಡದಲ್ಲೇ ಒಂದು ದಿನದ ತರಬೇತಿ ರೂಪಿಸುವುದು ಅಸಾಧ್ಯವೇನಲ್ಲ. ಅದಕ್ಕೆ ಬೇಕಾದದ್ದು ಕಲ್ಪಿತ ಹೆಸರುಗಳಿರುವ ಒಂದು ಖರೀದಿ ಪಟ್ಟಿ, ಒಂದು 2ಬಿ ಶೀಟು, ಒಂದು ಸಂಬಳದ ಪಟ್ಟಿ. ಅವುಗಳಲ್ಲಿ ಬೇಕೆಂದೇ ತಪ್ಪುಗಳನ್ನು ಅಡಗಿಸಿಡಬೇಕು: ಎರಡು ಸಲ ಬರೆದ ಬಿಲ್, ತಿರುಗಿದ ತಾರೀಖು, ಹಳೆಯ ವೃತ್ತಿ ತೆರಿಗೆ, ಒಂದಂಕಿ ತಪ್ಪಿದ ಜಿಎಸ್‌ಟಿ ನಂಬರ್. ಬಂದವರು ಸಹಾಯಕದಿಂದ ಫಾರ್ಮುಲಾ ಬರೆಸಿಕೊಂಡು ಆ ತಪ್ಪುಗಳನ್ನು ಹಿಡಿಯಲಿ. ಸಂಜೆ ಅಳೆಯಬೇಕಾದದ್ದು ಎಷ್ಟು ತಪ್ಪುಗಳು ಸಿಕ್ಕವು, ಎಷ್ಟು ಉಳಿದವು, ಉಳಿದವು ಯಾಕೆ ಉಳಿದವು ಎಂಬುದನ್ನು. ಎಷ್ಟು ನಿಮಿಷ ಉಳಿಯಿತು ಎಂಬುದನ್ನು ಆಮೇಲೆ ನೋಡಬಹುದು.